ಹರಿಹರದ ಲೇತು, ಗದಗದ ಕಾರು, ಪುಣೆಯ ಭಾನುವಾರ

ಪುಣೆಯ ಹಳೆ ಕಾರಿನವರಲ್ಲಿ ಒಂದು ಶಿಷ್ಟಾಚಾರವಿದೆ. ಮೊದಲು ಬಾನೆಟ್ ಎತ್ತಬೇಕು, ನಮಸ್ಕಾರ ಆಮೇಲೆ. ಭಾನುವಾರ ಬೆಳಿಗ್ಗೆ ಆರೂವರೆ ಹೊತ್ತಿಗೆ ಬಾಣೇರ್ ಕಡೆಯ ಚಹಾದಂಗಡಿಯೊಂದರ ಪಕ್ಕದ ಖಾಲಿ ಜಾಗದಲ್ಲಿ ಹತ್ತು ಹದಿನೈದು ಗಾಡಿಗಳು ಬಂದು ನಿಲ್ಲುತ್ತವೆ. ಇದಕ್ಕೆ ಸಂಘವಿಲ್ಲ, ಅಧ್ಯಕ್ಷರಿಲ್ಲ, ಬ್ಯಾನರ್ ಇಲ್ಲ. ಬಂದವರು ತಮ್ಮ ಎಂಜಿನ್ ತೋರಿಸುತ್ತಾರೆ, ಪಕ್ಕದವರ ಎಂಜಿನ್ನಿನೊಳಗೆ ಇಣುಕುತ್ತಾರೆ, ಒಂದು ಪ್ಲೇಟ್ ಮಿಸಳ್ ತಿಂದು ಒಂಬತ್ತಕ್ಕೆಲ್ಲ ಮನೆ ಸೇರುತ್ತಾರೆ. ಆರು ವರ್ಷದಿಂದ ಹೋಗುತ್ತಿದ್ದರೂ ಅಲ್ಲಿನ ಅರ್ಧ ಜನರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಕಂಟೆಸಾ, ಜಿಪ್ಸಿ, ಅಂಬಾಸಡರ್ ಎಂದೇ ಕರೆಯುವುದು. ಫೋನಿನಲ್ಲೂ ಹಾಗೆಯೇ ಸೇವ್ ಆಗಿದ್ದಾರೆ. ನನ್ನ ಬಳಿ ಹಳೆ ಕಾರಿಲ್ಲ. ಚಾಕಣದ ಕಾರ್ಖಾನೆಯೊಂದರಲ್ಲಿ ಎಂಜಿನ್‌ಗಳನ್ನು ಡೈನಮೋಮೀಟರಿಗೆ ಕಟ್ಟಿ ಓಡಿಸಿ ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ನಾನು 'ಡೈನೊ'.

ಇಂಥ ಗುಂಪು ಬೆಂಗಳೂರಿನಲ್ಲೂ ಇದೆ, ಮುಂಬೈಯಲ್ಲೂ ಇದೆ. ಪುಣೆಯ ವಿಶೇಷವೆಂದರೆ ಇಲ್ಲಿ ಬಾನೆಟ್ಟಿನೊಳಗೆ ಇಣುಕುವವರಲ್ಲಿ ಬಹುಪಾಲು ಜನಕ್ಕೆ ಅದೇ ಹೊಟ್ಟೆಪಾಡು. ಪಿಂಪ್ರಿ, ಆಕುರ್ಡಿ, ಚಾಕಣ, ರಂಜಣಗಾಂವ್ ಎಲ್ಲವೂ ಗಾಡಿ ಮಾಡುವ ಊರುಗಳು. ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ 1966ರಿಂದ ಇದೇ ಊರಿನಲ್ಲಿದೆ, ಕೋಥರೂಡ್ ಪಕ್ಕದ ವೇತಾಳ ಗುಡ್ಡದ ಮೇಲೆ. ವಾರದಲ್ಲಿ ಆರು ದಿನ ಕಂಪ್ಯೂಟರಿನಲ್ಲಿ ಪಿಸ್ಟನ್ ನೋಡುವವನಿಗೆ ಏಳನೆಯ ದಿನ ಅದನ್ನು ಕೈಯಲ್ಲಿ ಹಿಡಿದು ನೋಡುವ ಆಸೆ. ಇದನ್ನು ಹವ್ಯಾಸ ಅನ್ನಬೇಕೋ ಓವರ್‌ಟೈಮ್ ಅನ್ನಬೇಕೋ ಎಂದು ನನ್ನ ಹೆಂಡತಿ ಕೇಳುತ್ತಿರುತ್ತಾಳೆ.

ಈ ಜನರಲ್ಲಿ ಎರಡು ಪಂಥ. ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೆಯೇ ಇರಬೇಕು, ಸ್ಕ್ರೂ ತಲೆ ಕೂಡ ಬದಲಾಗಬಾರದು ಎನ್ನುವವರು ಒಂದು ಕಡೆ. ಒಳಗೆ ಹೊಸ ಎಂಜಿನ್, ಹೊಸ ಬ್ರೇಕ್ ಕೂರಿಸಿ ಹೊರಗೆ ಹಳೆ ಚೆಲುವನ್ನು ಉಳಿಸಿಕೊಳ್ಳೋಣ ಎನ್ನುವ ರೆಸ್ಟೊಮಾಡ್‌ನವರು ಇನ್ನೊಂದು ಕಡೆ. ಹೊರಗಿನವರು ಎರಡನೆಯವರನ್ನು ಸದ್ದು ಮಾಡುವ ಪುಂಡರೆಂದುಕೊಳ್ಳುತ್ತಾರೆ. ನಾನು ಹಾಗೆನ್ನಲಾರೆ. ನಮ್ಮ ಜಿಪ್ಸಿ ಹುಡುಗ ತನ್ನ ಗಾಡಿಗೆ ಹಳೆ ಬಲೆನೊದ 1.6 ಲೀಟರ್ ಎಂಜಿನ್ ಕೂರಿಸಿದ್ದಾನೆ. ಎಂಜಿನ್ ಕೂರುವ ಮೌಂಟಿಂಗನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಇಟ್ಟು ನೋಡಿ, ತೆಗೆದು, ಮತ್ತೆ ಕತ್ತರಿಸಿ, ಹನ್ನೊಂದನೆಯ ಸಲ ಸರಿಹೋದ ಮೇಲೆಯೇ ಉಕ್ಕಿನ ತಗಡಿಗೆ ಕೈ ಹಾಕಿದವನು ಅವನು. ಅಷ್ಟು ತಾಳ್ಮೆಯ ಎಂಜಿನಿಯರುಗಳು ನಮ್ಮ ಆಫೀಸಿನಲ್ಲೂ ಕಡಿಮೆ. ಆ ಜಿಪ್ಸಿಯನ್ನು ಅವನು ರಸ್ತೆಯಲ್ಲಿ ಓಡಿಸುವುದಿಲ್ಲ. ಫ್ಲಾಟ್‌ಬೆಡ್ ಟ್ರಕ್ಕಿನಲ್ಲಿ ಹೇರಿಕೊಂಡು ಆಫ್‌ರೋಡ್ ಟ್ರ್ಯಾಕಿಗೆ ಒಯ್ಯುತ್ತಾನೆ, ಅಲ್ಲಿ ಓಡಿಸಿ ಮತ್ತೆ ಹೇರಿಕೊಂಡು ಬರುತ್ತಾನೆ.

ಕಾರಣ ಕಾನೂನು. ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು. ಸಿಎನ್‌ಜಿ ಕಿಟ್ಟಿಗಾಗಲಿ, ಹಳೆ ಕಾರನ್ನು ವಿದ್ಯುತ್ ಕಾರು ಮಾಡುವ ಕಿಟ್ಟಿಗಾಗಲಿ ಎಆರ್‌ಎಐನಂಥ ಸಂಸ್ಥೆಯ ಒಪ್ಪಿಗೆ ಪಡೆದದ್ದೇ ಆಗಬೇಕು. ಮನೆಯಲ್ಲಿ ರಟ್ಟು ಕತ್ತರಿಸಿ ಕೂರಿಸಿದ್ದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಎಂಜಿನ್ ನಂಬರನ್ನೇ.

ಇಷ್ಟೆಲ್ಲ ಹೇಳಲು ಕಾರಣ ಗದಗದ ಒಂದು ಕಾರು.

ನಮ್ಮ ಗುಂಪಿನಲ್ಲಿರುವ ಇನ್ನೊಬ್ಬ ಕನ್ನಡಿಗ ಗದಗಿನವರು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅವರ ತಂದೆ ಡಾಕ್ಟರ್. ಗದಗ ಇನ್ನೂ ಧಾರವಾಡ ಜಿಲ್ಲೆಯ ಭಾಗವಾಗಿದ್ದಾಗ, 1976ರ ನವೆಂಬರಿನಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಅವರದು. ಸುತ್ತಲಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ರಾತ್ರಿ ಹೊತ್ತು ಓಡಾಡಿದ ಕಾರು. ಹಿಂದಿನ ಸೀಟಿನಲ್ಲೇ ಹುಟ್ಟಿದ ಮಕ್ಕಳಿದ್ದಾರಂತೆ. ಕೆಎ ಸರಣಿ ಬರುವ ಮೊದಲಿನ ಮೂರಕ್ಷರದ ನಂಬರು ಇವತ್ತಿಗೂ ಅದರ ಮೇಲಿದೆ. ಆರು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಅದನ್ನು ಮಗ ಹೋದ ವರ್ಷ ಟ್ರಕ್ಕಿನಲ್ಲಿ ಹೇರಿಸಿ ಪುಣೆಗೆ ತರಿಸಿಕೊಂಡರು. ಮೊದಲ ಭಾನುವಾರ ಅದರ ಬಾನೆಟ್ ಎತ್ತಿದಾಗ ಹದಿನೈದು ತಲೆಗಳು ಒಟ್ಟಿಗೆ ಬಗ್ಗಿದವು. ಸ್ಟಾರ್ಟ್ ಆಯಿತು, ಆದರೆ ನೀಲಿ ಹೊಗೆ. ನೀಲಿ ಹೊಗೆಯೆಂದರೆ ಎಂಜಿನ್ ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆ ಎಂದರ್ಥ. ಪಿಸ್ಟನ್‌ಗೂ ಸಿಲಿಂಡರಿಗೂ ನಡುವೆ ಸಂದು ಬಿಟ್ಟಿದೆ.

ಚರ್ಚೆ ಅಲ್ಲಿಂದ ಶುರು. ಸ್ವಿಫ್ಟ್ ಎಂಜಿನ್ ಕೂರಿಸಿಬಿಡಿ, ಎಸಿಯೂ ಬರುತ್ತದೆ, ಖಂಬಾಟ್ಕಿ ಘಾಟನ್ನು ಮೂರನೇ ಗೇರಿನಲ್ಲಿ ಹತ್ತಿಸಿಕೊಂಡು ಮನೆಗೆ ಹೋಗಬಹುದು ಎಂದ ಜಿಪ್ಸಿ. ಗೆಳೆಯರ ಮಗಳಿಗೂ ಅದೇ ಇಷ್ಟ. ನನಗೆ ಒಪ್ಪಿಗೆಯಿರಲಿಲ್ಲ, ಮತ್ತು ಅದು ಭಾವುಕತೆಯಿಂದಲ್ಲ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸುಮಾರು ನಲವತ್ತು ಅಶ್ವಶಕ್ತಿಗೆಂದು ಮಾಡಿದ ಬ್ರೇಕಿನ ಮೇಲೆ ಅದರ ಇಮ್ಮಡಿ ಶಕ್ತಿಯ ಎಂಜಿನ್ ಕೂರಿಸಿದರೆ ಬ್ರೇಕ್ ಬದಲಿಸಬೇಕು. ಬ್ರೇಕ್ ಬದಲಿಸಿದರೆ ಹಬ್, ಹಬ್ ಬದಲಿಸಿದರೆ ಸಸ್ಪೆನ್ಷನ್. ಕೊನೆಗೆ ಡಾಕ್ಟರ ಕಾರಿನದೆಂದು ಉಳಿಯುವುದು ಬಾಗಿಲು ಮತ್ತು ಹಾರ್ನ್.

ಆದರೆ ತೀರ್ಮಾನ ಕೊಟ್ಟದ್ದು ನನ್ನ ವಾದವಲ್ಲ, ಡಾಕ್ಟರ ಒಂದು ಮಾತು. "ಅಪ್ಪಾಜಿ ಏನಂತಾರ ಗೊತ್ತೇನ್ರಿ? ನಂಬರ್ ಬದಲಾದ್ರ ಅದು ನನ್ನ ಗಾಡಿ ಅಲ್ಲ ಅಂತಾರ," ಎಂದರು ಗೆಳೆಯರು.

ಆ ನಂಬರಿಗೆ ಎರಡು ಗಡುವುಗಳಿದ್ದವು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಬೇಕು. ಅಂದರೆ ಎಂಎಚ್ ನಂಬರು. ಇನ್ನೊಂದು, 2026ರ ನವೆಂಬರಿಗೆ ಕಾರಿಗೆ ಐವತ್ತು ತುಂಬುತ್ತದೆ. ಮೊದಲ ಹದಿನೈದು ವರ್ಷ, ಆಮೇಲೆ ಐದೈದು ವರ್ಷದ ನವೀಕರಣ ಎಂದು ಲೆಕ್ಕ ಹಾಕಿದರೆ ಈಗಿನ ಅವಧಿ ಮುಗಿಯುವುದೂ ಅದೇ ತಿಂಗಳು. ಅಲ್ಲಿ ದಾರಿ ಕವಲೊಡೆಯುತ್ತದೆ. ಐವತ್ತು ದಾಟಿದ ಗಾಡಿಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನಿಯಮವಿದೆ. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷ ಚಿಂತೆಯಿಲ್ಲ, ಹಳೆ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಆಮೇಲೆ ಆ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗಳಂಥ ಕೆಲಸಕ್ಕಷ್ಟೇ ಹೊರಗೆ ತೆಗೆಯಬಹುದು, ನಿತ್ಯದ ಓಡಾಟಕ್ಕಲ್ಲ. ಮಾಮೂಲಿ ನವೀಕರಣಕ್ಕೆ ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000 ರೂಪಾಯಿ, ಅದೂ ಫಿಟ್‌ನೆಸ್ ಪರೀಕ್ಷೆ ಪಾಸಾದರೆ ಐದು ವರ್ಷಕ್ಕೆ. ನಮ್ಮವರೆಲ್ಲ ವಿಂಟೇಜ್ ಮಾಡಿಸಿ, ಮರ್ಯಾದೆ ಹೆಚ್ಚು ಎಂದರು. ಫೋನಿನಲ್ಲಿ ಇದನ್ನು ಕೇಳಿದ ಡಾಕ್ಟರು, "ನೋಡಾಕಿಡಾಕ ಅದೇನ್ ಗೊಂಬಿಯೇನು? ಔಷಧ ಅಂಗಡಿಗೆ ಹೋಗಿಬರಾಕ ಬೇಕದು," ಎಂದುಬಿಟ್ಟರು. ಅವರಿಗೀಗ 86.

ಹಾಗಾಗಿ ಮಾಡಬೇಕಾದ ಕೆಲಸ ನಿಚ್ಚಳವಾಯಿತು. ಅದೇ ಎಂಜಿನ್, ಅದೇ ನಂಬರ್, ಹೊಗೆಯಿಲ್ಲದೆ ಓಡಬೇಕು, 12 ತಿಂಗಳೊಳಗೆ ಗದಗಿಗೆ ಮರಳಬೇಕು.

ಹೇಳಿದಷ್ಟು ಸುಲಭವಲ್ಲ. ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾಗಿದೆ. ಆಮೇಲೂ ಅದರ ಬಿಡಿಭಾಗ ಸಿಗುತ್ತಿದ್ದುದು ಹವ್ಯಾಸಿಗಳ ಪುಣ್ಯದಿಂದಲ್ಲ, ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಿಂದ. ಟ್ಯಾಕ್ಸಿಗಳು ದಿನವಿಡೀ ಓಡಿ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಸವೆಸುತ್ತಿದ್ದುದರಿಂದ ಅವನ್ನು ಮಾಡುವ ಸಣ್ಣ ಕಾರ್ಖಾನೆಗಳು ಬದುಕಿದ್ದವು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಗಿ ಇಪ್ಪತ್ತು ವರ್ಷ ತುಂಬಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಪತ್ರಿಕೆಗಳು ಅದಕ್ಕೆ ಕಣ್ಣೀರಿನ ವಿದಾಯ ಬರೆದವು. ನಮಗೆ ಅದರರ್ಥ ಬೇರೆಯೇ: ಅಂಗಡಿಯಲ್ಲಿ ಇರುವುದು ಮುಗಿದರೆ ಮುಗಿಯಿತು.

ಪುಣೆಯಲ್ಲಿ ಬಿಡಿಭಾಗಕ್ಕೆ ನಾನಾ ಪೇಟೆ. ಅಲ್ಲಿಲ್ಲದಿದ್ದರೆ ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರು; ಅಲ್ಲಿ ತಾಮ್ರದ ಹಂಡೆ, ಒಡೆದ ಗಡಿಯಾರಗಳ ನಡುವೆ ಕಾರ್ಬುರೇಟರ್ ಸಿಕ್ಕರೂ ಸಿಗಬಹುದು. ನಮಗೆ ಬೇಕಿದ್ದುದು ಎರಡೂ ಕಡೆ ಇರಲಿಲ್ಲ. ಅದೇನೆಂದು ಹೇಳಬೇಕಾದರೆ ಭೋಸರಿಗೆ ಹೋಗಬೇಕು.

ಭೋಸರಿ ಎಂಐಡಿಸಿಯ ಒಂದು ಗಲ್ಲಿಯಲ್ಲಿ ಎಂಜಿನ್ ಬೋರ್ ಮಾಡುವ ಪುಟ್ಟ ವರ್ಕ್‌ಶಾಪಿದೆ. ನಡೆಸುವವರು ಇಂಡಿ ತಾಲ್ಲೂಕಿನವರು, 1983ರಲ್ಲಿ ಇಲ್ಲಿಗೆ ಬಂದವರು. ಎಲ್ಲರಿಗೂ ಕಾಕಾ. ಗಿರಾಕಿಗಳೊಡನೆ ಮರಾಠಿ, ಹೆಲ್ಪರ್ ಹುಡುಗನೊಡನೆ ಹಿಂದಿ, ಯಂತ್ರದೊಡನೆ ಕನ್ನಡ. ಒಳಗೆ ಕಾಲಿಟ್ಟೊಡನೆ ನನ್ನ ಕಣ್ಣಿಗೆ ಬಿದ್ದದ್ದು ಮೂಲೆಯ ಲೇತು. ಹೆಡ್‌ಸ್ಟಾಕಿನ ಮೇಲೆ ಗ್ರೀಸು ಕವಿದ ಪಟ್ಟಿಯಲ್ಲಿ ಕಿರ್ಲೋಸ್ಕರ್, ಹರಿಹರ ಎಂದಿತ್ತು. ನಾನು ದಾವಣಗೆರೆಯವನು. ಹರಿಹರದ ನೆಂಟರ ಮನೆಗಳಲ್ಲಿ ಹುಡುಗ 'ಕಿರ್ಲೋಸ್ಕರಿಗೆ ಹೋಗ್ತಾನೆ' ಎಂದರೆ ಹೆಣ್ಣು ಕೊಡುವವರು ಮುಂದೆ ಏನೂ ಕೇಳದಿದ್ದ ಕಾಲವನ್ನು ಕಂಡವನು. 1941ರಲ್ಲಿ ಶುರುವಾದ ಆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 2000ರ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿತು. ಅದು ಮಾಡಿದ ಲೇತು ಇಲ್ಲಿ ಆ ಹೊತ್ತಿಗೆ ಅಂಬಾಸಡರಿನ ಬ್ರೇಕ್ ಡ್ರಮ್ಮನ್ನು ತೆಳ್ಳಗೆ ಕೆರೆಯುತ್ತಿತ್ತು.

ಪುಣೆಯವರು ಕಿರ್ಲೋಸ್ಕರ್ ತಮ್ಮೂರಿನ ಹೆಸರು ಎಂದುಕೊಂಡಿದ್ದಾರೆ. ತಪ್ಪೇನಲ್ಲ, ಖಡ್ಕಿಯ ಆಯಿಲ್ ಎಂಜಿನ್ ಕಾರ್ಖಾನೆ 1946ರದು, ನಮ್ಮ ಕಡೆಯ ಎಷ್ಟೋ ಬಾವಿಗಳ ಪಂಪುಸೆಟ್ಟಿಗೆ ಅಲ್ಲಿಯ ಎಂಜಿನ್ನೇ. ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು ಅವರು. ಕಬ್ಬಿಣದ ನೇಗಿಲು, 1910ರ ಕಿರ್ಲೋಸ್ಕರವಾಡಿ ಎಲ್ಲ ಆಮೇಲೆ. ಇದನ್ನು ಭಾನುವಾರದ ಗುಂಪಿನಲ್ಲಿ ಹೇಳಿದಾಗ ಕಂಟೆಸಾದವರು ನಂಬಲಿಲ್ಲ. ಹಾಗೆಯೇ ಬೆಂಗಳೂರಿನಲ್ಲಿ ಸಿಪಾನಿ ಎಂಬ ಕಂಪನಿ 1980ರ ದಶಕದಲ್ಲಿ ಫೈಬರ್‌ಗ್ಲಾಸ್ ಮೈಯ ಡಾಲ್ಫಿನ್ ಕಾರು ಮಾಡುತ್ತಿತ್ತು, ಅದು ರ‍್ಯಾಲಿಗಳಲ್ಲಿ ದೊಡ್ಡ ಕಾರುಗಳ ಬೆವರಿಳಿಸಿತ್ತು ಎಂದರೆ ಈಗಿನ ಬೆಂಗಳೂರಿನವರೂ ನಂಬುವುದಿಲ್ಲ.

ಕಾಕಾ ನಾಲ್ಕೂ ಸಿಲಿಂಡರುಗಳಿಗೆ ಗೇಜ್ ಇಳಿಸಿ ಅಳೆದರು. ಈ ಕೆಲಸದವರು ಇಂದಿಗೂ ಮಾತಾಡುವುದು ಥೌ ಲೆಕ್ಕದಲ್ಲಿ. ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ. ಸಿಲಿಂಡರ್ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಮೇಲ್ಭಾಗದಲ್ಲಿ ಶಾಖವೂ ಒತ್ತಡವೂ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿ ಹೆಚ್ಚು ಸವೆಯುತ್ತದೆ. ಪಿಸ್ಟನ್ ಒಂದು ಮಗ್ಗುಲಿಗೆ ಒರಗಿ ತಳ್ಳುವುದರಿಂದ ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. "ಹಿಂದ ಒಮ್ಮಿ ಇಪ್ಪತ್ತು ಥೌ ತಗದಾರ ಸಾಹೇಬ್ರ. ಈಗ ನಲವತ್ತಕ್ಕ ಹೋಗಬೇಕು. ಅದರ ಮ್ಯಾಲೆ ಗ್ವಾಡಿ ಉಳಿಯಂಗಿಲ್ಲ," ಎಂದರು. ಅಂದರೆ ಈ ಬ್ಲಾಕಿಗೆ ಇದೇ ಕೊನೆಯ ಬೋರು. ಮುಂದಿನ ಸಲ ಲೈನರ್ ಕೂರಿಸಬೇಕಾದೀತು.

ಪದ್ಮಿನಿಯ ಸಿಲಿಂಡರ್ ವ್ಯಾಸ 68 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75; ಆ ಲೆಕ್ಕದಲ್ಲೇ 1089 ಸಿಸಿ. ನಲವತ್ತು ಥೌ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ವ್ಯಾಸ 69 ಆದರೆ ಎಂಜಿನ್ ಸುಮಾರು 1122 ಸಿಸಿ. ಐವತ್ತನೆಯ ವಯಸ್ಸಿಗೆ 33 ಸಿಸಿ ಬಡ್ತಿ ಎಂದು ಗೆಳೆಯರು ನಕ್ಕರು. ಆದರೆ ಮೊದಲು ನಲವತ್ತರ ಪಿಸ್ಟನ್ ಕೈಗೆ ಬರಬೇಕು. ಒಂದೊಂದು ಪಿಸ್ಟನನ್ನೂ ಅಳೆದು ಅದಕ್ಕೆ ತಕ್ಕಂತೆ ಅದರ ಸಿಲಿಂಡರನ್ನು ಕೊರೆಯಬೇಕು. ಮೊದಲೇ ಕೊರೆದು ಆಮೇಲೆ ಹುಡುಕಿದರೆ ಬ್ಲಾಕ್ ಹೂಕುಂಡವಾದೀತು.

ಪಿಸ್ಟನ್ ಹುಡುಕಿಕೊಟ್ಟವನು ಯಾರು ಗೊತ್ತೇ? ಆ ಎಂಜಿನ್ನನ್ನೇ ಕಿತ್ತೆಸೆಯಿರಿ ಎಂದಿದ್ದ ಜಿಪ್ಸಿ ಹುಡುಗ. ಎರಡು ಶನಿವಾರ ಮುಂಬೈನ ಕುರ್ಲಾದಲ್ಲಿ ಅಂಗಡಿ ಅಂಗಡಿ ಅಲೆದು, ಮಾಳಿಗೆಯ ಡಬ್ಬಿಗಳನ್ನು ಇಳಿಸಿ ನೋಡಿ, ನಾಲ್ಕರ ಸೆಟ್ ತಂದ. ಒಂದರ ರಿಂಗ್ ಮುರಿದಿತ್ತು, ಅದು ನಾನಾ ಪೇಟೆಯಲ್ಲಿ ಸಿಕ್ಕಿತು. ಅಂಬಾಸಡರಿನವರು ಹೆಡ್ ಗ್ಯಾಸ್ಕೆಟ್ ಕೊಟ್ಟರು. ದುಡ್ಡು ಕೇಳಲಿಲ್ಲ, ಅವರ ಬಳಿ ಅದೇಕೆ ಇತ್ತೆಂಬುದಕ್ಕೆ ಅವರಲ್ಲೂ ಉತ್ತರವಿಲ್ಲ. ಕಿಂಗ್‌ಪಿನ್ ಬುಶ್ ಎಲ್ಲೂ ಸಿಗದಾಗ ಕಾಕಾ ಹಿತ್ತಾಳೆ ಬಣ್ಣದ ಗನ್‌ಮೆಟಲ್ ಸರಳೊಂದನ್ನು ಹರಿಹರದ ಲೇತಿಗೆ ಕಟ್ಟಿ ಅರ್ಧ ದಿನದಲ್ಲಿ ನಾಲ್ಕು ಮಾಡಿಕೊಟ್ಟರು. ಡ್ರಾಯಿಂಗ್ ಕೇಳಿದ್ದಕ್ಕೆ ಹಳೆ ಬುಶ್ ಎತ್ತಿ ತೋರಿಸಿದರು. ಬೋರ್ ಮಾಡುವ ಯಂತ್ರ ಬೇರೆ, ನೆಟ್ಟಗೆ ನಿಲ್ಲುವಂಥದ್ದು. ಕೊರೆದಾದ ಮೇಲೆ ಹೋನಿಂಗ್ ಕಲ್ಲು ಇಳಿಸಿ ಗೋಡೆಯ ಮೇಲೆ ಅಡ್ಡಡ್ಡ ಗೀರು ಮೂಡಿಸುತ್ತಾರೆ. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲೇ. ಕನ್ನಡಿಯಂತೆ ನುಣುಪು ಮಾಡಿದರೆ ಎಂಜಿನ್ ಬಾಳುವುದಿಲ್ಲ. ಬಾಡಿ ಕೆಲಸ ಹೆಚ್ಚಿರಲಿಲ್ಲ. ನಮ್ಮಲ್ಲಿ ಟಿಂಕರಿಂಗ್ ಎನ್ನುವುದನ್ನು ಇಲ್ಲಿ ಡೆಂಟಿಂಗ್ ಎನ್ನುತ್ತಾರೆ ಎಂಬುದನ್ನು ಬಿಟ್ಟರೆ ಅದರಲ್ಲಿ ಹೇಳುವಂಥದ್ದೇನಿಲ್ಲ.

ಉಳಿದದ್ದು ಪೆಟ್ರೋಲಿನ ಚಿಂತೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಇಂಧನ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ನೀರು ತಳ ಸೇರಿ ತುಕ್ಕು ಹಿಡಿಯುತ್ತದೆ. ಹಳೆ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಉಬ್ಬಿ ಮೆತ್ತಗಾಗುತ್ತವೆ. ಹೊಸ ಕಾರಿನ ಕಂಪ್ಯೂಟರ್ ಇಂಧನಕ್ಕೆ ತಕ್ಕಂತೆ ಹೊಂದಿಕೊಂಡೀತು. ಕಾರ್ಬುರೇಟರಿನ ಜೆಟ್ ರಂಧ್ರಕ್ಕೆ ಆ ಬುದ್ಧಿಯಿಲ್ಲ, ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ನಮ್ಮ ಗುಂಪಿನಲ್ಲಿ ಇದು ವಾರವಾರದ ಗೋಳು. ಗೋಳಾಡುವವರಿಗೆ ನಾನು 2000ದ ಫೆಬ್ರುವರಿಯನ್ನು ನೆನಪಿಸುತ್ತೇನೆ. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಾಗ ಹಳೆ ಎಂಜಿನ್‌ಗಳ ವಾಲ್ವ್ ಸೀಟು ಹಾಳಾಗುತ್ತದೆಂದು ಇದೇ ಭಯವಿತ್ತು. ಗಟ್ಟಿ ಲೋಹದ ಸೀಟು ಕೂರಿಸಿ ಅದನ್ನು ದಾಟಿಸಿದ್ದು ಇಂಥ ವರ್ಕ್‌ಶಾಪುಗಳೇ. ಈಗಲೂ ಅಷ್ಟೆ: ಎಥೆನಾಲ್ ತಾಳುವ ರಬ್ಬರಿನ ಪೈಪು, ಹೊಸ ಡಯಾಫ್ರಂ, ಜೆಟ್ ಒಂದು ಅಳತೆ ದೊಡ್ಡದು, ನಿಲ್ಲಿಸುವಾಗ ಟ್ಯಾಂಕ್ ತುಂಬಿರಬೇಕು. ಡಾಕ್ಟರ ಕಾರಿಗೆ ಇಷ್ಟನ್ನೂ ಮಾಡಿದೆವು.

ಮೊದಲ ಸಲ ಸ್ಟಾರ್ಟ್ ಮಾಡಿದ್ದು ಕಾಕಾನ ಗಲ್ಲಿಯಲ್ಲಿ, ಒಂದು ಸಂಜೆ. ಮೂರನೆಯ ಎಳೆತಕ್ಕೆ ಹಿಡಿಯಿತು. ಹೊಗೆ ಮೊದಲು ಬಿಳಿ, ಆಮೇಲೆ ಇಲ್ಲ. ಗೆಳೆಯರು ಗದಗಿಗೆ ಫೋನ್ ಹಚ್ಚಿ ಎಂಜಿನ್ ಹತ್ತಿರ ಹಿಡಿದರು. ಆ ಕಡೆಯಿಂದ ಅರ್ಧ ನಿಮಿಷ ಮಾತಿಲ್ಲ. ಆಮೇಲೆ ಡಾಕ್ಟರು, "ಟ್ಯಾಪೆಟ್ ಒಂದ್ ಸಡಿಲ್ ಅದ ನೋಡ್ರಿ," ಎಂದರು. ನಾನು ದಿನವೂ ಲಕ್ಷಗಟ್ಟಲೆ ರೂಪಾಯಿಯ ಮೈಕುಗಳಲ್ಲಿ ಎಂಜಿನ್ ಸದ್ದು ಅಳೆಯುವವನು. ಫೋನಿನಲ್ಲಿ ಟ್ಯಾಪೆಟ್ ಕೇಳಿಸುವುದು ಸಾಧ್ಯವಿಲ್ಲ ಎಂದುಕೊಳ್ಳುತ್ತಲೇ ಕವರ್ ಬಿಚ್ಚಿ ಫೀಲರ್ ಗೇಜ್ ಹಾಕಿ ನೋಡಿದೆ. ಮೂರನೆಯ ಸಿಲಿಂಡರಿನದು ಸಡಿಲವಿತ್ತು.

ಹೊಸದಾಗಿ ಬೋರ್ ಮಾಡಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಓಡಿಸಬಾರದು. ಪುಣೆಯಿಂದ ಗದಗಕ್ಕೆ ಸತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ 400ಕ್ಕೂ ಹೆಚ್ಚು ಕಿಲೋಮೀಟರ್. ಗಂಟೆಗೆ ಐವತ್ತರಂತೆ, ಎಡ ಬದಿಯಲ್ಲಿ, ಎರಡು ದಿನ. ಮಾರ್ಚಿನ ಒಂದು ಶುಕ್ರವಾರ ಬೆಳಗಿನ ನಾಲ್ಕಕ್ಕೆ ಅಪ್ಪ ಮಗಳು ಹೊರಟರು, ಹಿಂದೆ ಜಿಪ್ಸಿ ಹುಡುಗ ತನ್ನ ಆಫೀಸಿನ ಕಾರಿನಲ್ಲಿ ಟೂಲ್‌ಬಾಕ್ಸ್ ಹಾಕಿಕೊಂಡು. ಖಂಬಾಟ್ಕಿ ಏರಿನಲ್ಲಿ ಒಮ್ಮೆ ನಿಲ್ಲಿಸಿ ತಣಿಸಿದ್ದು ಬಿಟ್ಟರೆ ತೊಂದರೆಯಿರಲಿಲ್ಲ. ಗಡುವಿಗೆ ಇನ್ನೂ ಹತ್ತೊಂಬತ್ತು ದಿನ ಉಳಿದಿದ್ದವು. ನವೆಂಬರಿನ ಫಿಟ್‌ನೆಸ್ ಪರೀಕ್ಷೆ ಇನ್ನೂ ಬಾಕಿಯಿದೆ. ಡ್ರಮ್ ಬ್ರೇಕುಗಳು ಯಂತ್ರದ ಮುಂದೆ ಏನು ಹೇಳುತ್ತವೋ ನೋಡಬೇಕು.

ಇತ್ತ ಕಾಕಾನ ಶೆಡ್ಡಿನ ಬಾಡಿಗೆ ಕರಾರು ಬರುವ ದೀಪಾವಳಿಗೆ ಮುಗಿಯುತ್ತದೆ. ಮುಂದುವರಿಸುವ ಮನಸ್ಸು ಅವರಿಗಿಲ್ಲ. ಮಕ್ಕಳಿಬ್ಬರೂ ಬೇರೆ ಕೆಲಸ ಹಿಡಿದಿದ್ದಾರೆ, ಈಗಿನ ಎಂಜಿನ್‌ಗಳನ್ನು ಬೋರ್ ಮಾಡಿಸಲು ಬರುವವರೂ ಕಡಿಮೆ. ಲೇತನ್ನು ತೂಕದ ಲೆಕ್ಕದಲ್ಲಿ ಕೇಳಿಕೊಂಡು ಒಬ್ಬ ಗುಜರಿಯವನು ಆಗಲೇ ಬಂದು ಹೋಗಿದ್ದಾನೆ. ಜಿಪ್ಸಿ ಹುಡುಗ ತಾನು ಕೊಳ್ಳುತ್ತೇನೆ ಎನ್ನುತ್ತಾನೆ, ಆದರೆ ಅವನಿರುವುದು ವಾಕಡ್‌ನ ಏಳನೆಯ ಮಹಡಿಯಲ್ಲಿ. ಸದ್ಯಕ್ಕೆ ಎರಡು ಅಂಬಾಸಡರ್ ಹೆಡ್, ಕಂಟೆಸಾದ ಒಂದು ಬ್ಲಾಕ್, ಬಾರಾಮತಿಯಿಂದ ಬಂದ ಒಂದು ಜೀಪಿನ ಕ್ರ್ಯಾಂಕ್ ಸರದಿಯಲ್ಲಿವೆ. ಶನಿವಾರ ಮಧ್ಯಾಹ್ನ ನಾನೂ ಅಲ್ಲಿರುತ್ತೇನೆ. ಕಾಕಾ ಗೇಜ್ ನೋಡಿ ಅಳತೆ ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ.